ಗಣಕದಲ್ಲಿ ಲೋಪ, ಆಗಮ, ಆದೇಶ

ಇಂದಿನ ಕಾಲವನ್ನು ಗಣಕಯಂತ್ರದ ಕಾಲವೆಂದು ಕರೆದರೆ ತಪ್ಪಾಗಲಾರದು. ಪಹಣಿ, ಪಡಿತರ ಚೀಟಿ, ವಿದ್ಯಾರ್ಥಿವೇತನ, ಅಂಕಪಟ್ಟಿ, ಬ್ಯಾಂಕಿನ ಲೆಕ್ಕ ಇವೆಲ್ಲವೂ ಈಗ ಅದರ ಹೊಟ್ಟೆಯೊಳಗೆ ಸೇರಿವೆ. ಆದರೂ ಕಲಾ ವಿಭಾಗದವರಾದ ನಾವು ಗಣಕದ ಮಾತು ಬಂದೊಡನೆ, "ಅದು ವಿಜ್ಞಾನದವರ ವಿಷಯ, ನಮಗೇಕೆ?" ಎಂದು ಸುಮ್ಮನಾಗುವುದುಂಟು. ಈ ಭಾವನೆ ಸರಿಯಲ್ಲವೆಂಬುದೇ ಈ ಲೇಖನದ ಉದ್ದೇಶ. ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ವ್ಯಾಕರಣದಲ್ಲಿ ಕಲಿತ ಮೂರು ಶಬ್ದಗಳೇ ಗಣಕದ ದೋಷಗಳನ್ನು ಗುರುತಿಸಲು ಸಾಕಷ್ಟು ನೆರವಾಗುತ್ತವೆ. ಅವು ಲೋಪ, ಆಗಮ, ಆದೇಶ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಸಿರುಗುಪ್ಪ ತಾಲ್ಲೂಕಿನ ನಮ್ಮೂರಿಗೆ ರಜೆಯಲ್ಲಿ ಹೋದರೆ ಓಣಿಯವರು ತಮ್ಮ ತಮ್ಮ ಕಾಗದಗಳನ್ನು ಹಿಡಿದು ಬರುತ್ತಾರೆ. ಅವುಗಳಲ್ಲಿ ಕೈಬರಹದ ಕಾಗದ ಈಗ ಅಪರೂಪ. ಹೆಚ್ಚಿನವು ಗಣಕದಿಂದ ಅಚ್ಚಾಗಿ ಬಂದವು. ಅವುಗಳಲ್ಲಿ ತಪ್ಪಿದ್ದರೆ "ಕಂಪ್ಯೂಟರಿನಲ್ಲೇ ಹಾಗೆ ಬಂದಿದೆ" ಎಂಬ ಉತ್ತರ ದೊರೆಯುತ್ತದೆ. ಗಣಕದಲ್ಲಿ ತಾನಾಗಿ ಏನೂ ಬರುವುದಿಲ್ಲ. ಹಾಗೆ ಬರಲು ಒಂದು ಕಾರಣವಿದ್ದೇ ಇರುತ್ತದೆ. ಆ ಕಾರಣವನ್ನು ವಿಚಾರಿಸೋಣ.

ಬಗೆ ಎಂದರೇನು?

ಗಣಕವು ತನ್ನೊಳಗೆ ಇಡುವ ಪ್ರತಿಯೊಂದು ವಸ್ತುವಿಗೂ ಒಂದು ಬಗೆಯನ್ನು ಗೊತ್ತುಮಾಡಿಕೊಳ್ಳುತ್ತದೆ. 25 ಎಂಬುದು ಪೂರ್ಣಾಂಕ, 2.20 ಎಂಬುದು ದಶಮಾಂಶ, "ಬಳ್ಳಾರಿ" ಎಂಬುದು ಅಕ್ಷರಮಾಲೆ, 1953ರ ಅಕ್ಟೋಬರ್ 1 ಎಂಬುದು ದಿನಾಂಕ. ನೋಡಲು ಒಂದೇ ತೆರನಾದ ವಸ್ತುಗಳ ಬಗೆ ಬೇರೆಯಾಗಿರಬಹುದು. ನಮ್ಮ ರಿಜಿಸ್ಟರ್ ನಂಬರು ಅಂಕಿಗಳಿಂದಲೇ ಕೂಡಿದ್ದರೂ ಅದು ಸಂಖ್ಯೆಯಲ್ಲ, ಹೆಸರು. ಇಬ್ಬರ ರಿಜಿಸ್ಟರ್ ನಂಬರುಗಳನ್ನು ಯಾರೂ ಕೂಡಿಸುವುದಿಲ್ಲವಷ್ಟೆ.

ಒಂದು ಬಗೆಯನ್ನು ಇನ್ನೊಂದು ಬಗೆಗೆ ತಿರುಗಿಸುವುದಕ್ಕೆ ಬಗೆಪರಿವರ್ತನೆ ಎನ್ನಬಹುದು. ಈ ಕೆಲಸವನ್ನು ಪ್ರೋಗ್ರಾಂ ಬರೆಯುವವನು ಪ್ರತಿಸಲವೂ ಹೊಸದಾಗಿ ಮಾಡುವುದಿಲ್ಲ. ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂಗಳ ಸಂಗ್ರಹವನ್ನು ಬಳಸಿಕೊಳ್ಳುತ್ತಾನೆ. ಅದಕ್ಕೆ ಗಣಕದವರು ಲೈಬ್ರರಿ ಎಂದು ಹೆಸರಿಟ್ಟಿದ್ದಾರೆ. ನಾವು ಪುಸ್ತಕ ಭಂಡಾರದಿಂದ ನಿಘಂಟನ್ನು ತಂದು, ಒಳಗಿನ ಅರ್ಥಗಳನ್ನು ನಂಬಿ ಬರೆಯುವಂತೆಯೇ ಅವನೂ ಲೈಬ್ರರಿಯನ್ನು ನಂಬಿ ಬರೆಯುತ್ತಾನೆ. ನಿಘಂಟಿನಲ್ಲಿ ಒಂದು ತಪ್ಪಿದ್ದರೆ ಅದನ್ನು ನಂಬಿದ ನೂರು ಪ್ರಬಂಧಗಳಲ್ಲಿಯೂ ಅದೇ ತಪ್ಪು ಕಾಣಿಸಿಕೊಳ್ಳುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಕನ್ನಡ ಅಂಕಿಗಳಲ್ಲಿ "೨೫" ಎಂದು ಬರೆದು ಸಂಖ್ಯೆಯಾಗಿ ತಿರುಗಿಸೆಂದು ಕೇಳಿದರೆ ಪೈಥಾನ್ ಭಾಷೆಯು 25 ಎಂದು ಸರಿಯಾಗಿ ಹೇಳುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯು "ಇದು ಸಂಖ್ಯೆಯಲ್ಲ" ಎನ್ನುತ್ತದೆ. ಸಿ ಭಾಷೆಯ ಹಳೆಯ ಪರಿವರ್ತಕವಾದ ಏಟಾಯ್ ಸದ್ದಿಲ್ಲದೆ 0 ಎಂದು ಉತ್ತರ ಕೊಡುತ್ತದೆ. ಮೂವರಲ್ಲಿ ಅಪಾಯಕಾರಿ ಯಾರೆಂಬುದನ್ನು ವಾಚಕರು ಯೋಚಿಸಬೇಕು. ತಿಳಿಯದೆಂದು ಹೇಳಿದವನಿಂದ ಹಾನಿಯಿಲ್ಲ. ತಿಳಿಯದೆಯೂ ಸೊನ್ನೆ ಎಂದು ಬರೆದುಕೊಟ್ಟವನಿಂದ ಒಂದು ಕುಟುಂಬದ ಲೆಕ್ಕವೇ ಅಳಿಸಿಹೋಗಬಹುದು. ಪ್ರೋಗ್ರಾಂ ನಡುವೆಯೇ ನಿಂತು ಬೀಳುವುದನ್ನು ಕ್ರ್ಯಾಶ್ ಎನ್ನುತ್ತಾರೆ. ಜನ ಅದಕ್ಕೆ ಹೆದರುತ್ತಾರೆ. ಹೆದರಬೇಕಾದದ್ದು ಬೀಳದೆ ತಪ್ಪು ಹೇಳುವ ಪ್ರೋಗ್ರಾಮಿಗೆ.

ಲೋಪ

ಸಂಧಿಯಾಗುವಾಗ ಇದ್ದ ಅಕ್ಷರವು ಇಲ್ಲದಂತಾಗುವುದು ಲೋಪ. ಊರು ಮತ್ತು ಅಲ್ಲಿ ಸೇರಿ "ಊರಲ್ಲಿ" ಆದಾಗ ಉಕಾರ ಹೋಯಿತು. ಗಣಕದಲ್ಲಿಯೂ ಹೀಗೆಯೇ ಆಗುತ್ತದೆ.

ಬಳ್ಳಾರಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ್ದು 1953ರ ಅಕ್ಟೋಬರ್ 1ರಂದು. ಅದಕ್ಕೆ ಮೊದಲು ಮದರಾಸಿನ ಆಡಳಿತದಲ್ಲಿದ್ದುದರಿಂದ ನಮ್ಮ ಕಡೆ ಹೊಲವನ್ನು ಎಕರೆ ಮತ್ತು ಸೆಂಟುಗಳಲ್ಲಿ ಹೇಳುವ ರೂಢಿ ಉಳಿದುಬಂದಿದೆ. ಹಳೆಯ ಮೈಸೂರಿನ ಕಡೆ ಎಕರೆ ಮತ್ತು ಗುಂಟೆ. ಒಂದು ಎಕರೆಗೆ 100 ಸೆಂಟು ಅಥವಾ 40 ಗುಂಟೆ. ಒಂದು ಸೆಂಟಿಗೆ 435.6 ಚದರಡಿ, ಒಂದು ಗುಂಟೆಗೆ 1,089 ಚದರಡಿ.

ಈಗ ಒಬ್ಬ ರೈತನಿಗೆ 2 ಎಕರೆ 20 ಸೆಂಟು ಹೊಲವಿದೆಯೆನ್ನಿ. ಗಣಕದಲ್ಲಿ 2.20 ಎಂದು ಬರೆದರೆ ಅದು ದಶಮಾಂಶವೆಂದು ಬಗೆದು, ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ತೀರ್ಮಾನಿಸಿ 2.2 ಎಂದು ತೋರಿಸುತ್ತದೆ. ಗಣಿತದ ದೃಷ್ಟಿಯಿಂದ ಇದು ಸರಿಯೇ. ಆದರೆ ಮುಂದೆ ಅದನ್ನು ಓದುವ ಮನುಷ್ಯನು "2 ಎಕರೆ 2 ಸೆಂಟು" ಎಂದು ಓದಿಕೊಂಡರೆ 18 ಸೆಂಟು, ಎಂದರೆ ಸುಮಾರು 7,840 ಚದರಡಿ ಹೊಲ ಕಾಗದದ ಮೇಲೆ ಮಾಯವಾಯಿತು. ಅದೇ ಅಂಕಿಯನ್ನು ಗುಂಟೆಯ ಲೆಕ್ಕದವನು ನೋಡಿ 2 ಎಕರೆ 20 ಗುಂಟೆ ಎಂದುಕೊಂಡರೆ ಅದು ಎರಡೂವರೆ ಎಕರೆಯಾಗುತ್ತದೆ. ಇಲ್ಲದ 30 ಸೆಂಟು ಹುಟ್ಟಿಕೊಂಡಿತು. ಗುಂಟೆಯ ಲೆಕ್ಕದಲ್ಲಿ 2 ಎಕರೆ 39 ಗುಂಟೆಗೆ 2 ಗುಂಟೆ ಕೂಡಿಸಿದರೆ 3 ಎಕರೆ 1 ಗುಂಟೆ ಬರಬೇಕು. ದಶಮಾಂಶವೆಂದು ತಿಳಿದ ಗಣಕವು 2.41 ಎನ್ನುತ್ತದೆ. ಎಕರೆಗೆ ನಲವತ್ತೊಂದು ಗುಂಟೆ ಎಂಬುದು ಯಾವ ಶಾನುಭೋಗರೂ ಬರೆಯದ ಲೆಕ್ಕ! ಪರಿಹಾರ ಸುಲಭ: ಎಕರೆಗೊಂದು ಕಾಲಂ, ಸೆಂಟು ಅಥವಾ ಗುಂಟೆಗೆ ಇನ್ನೊಂದು ಕಾಲಂ, ಎರಡೂ ಪೂರ್ಣಾಂಕಗಳು.

ಪೂರ್ಣಾಂಕಕ್ಕೂ ಅದರದೇ ಆದ ಲೋಪವಿದೆ. ತುಂಗಭದ್ರೆಯ ನೀರಿನ ನಮ್ಮ ಸೀಮೆಯಲ್ಲಿ ಭತ್ತದ ಮಾತು 75 ಕಿಲೋ ಚೀಲದ ಮೇಲೆ ನಡೆಯುತ್ತದೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿನ ಮೇಲೆ. 40 ಚೀಲಕ್ಕೆ ಎಷ್ಟು ಕ್ವಿಂಟಲ್? 75ನ್ನು 100ರಿಂದ ಭಾಗಿಸಿ 40ರಿಂದ ಗುಣಿಸಿದರೆ 30. ಇದನ್ನೇ ಸಿ ಭಾಷೆಯಲ್ಲಿ ಪೂರ್ಣಾಂಕಗಳಲ್ಲಿ ಬರೆದರೆ 75ರಲ್ಲಿ 100 ಒಂದು ಸಲವೂ ಹೋಗದೆ ಭಾಗಲಬ್ಧ 0 ಆಗುತ್ತದೆ. ಸೊನ್ನೆಯನ್ನು ನಲವತ್ತರಿಂದ ಗುಣಿಸಿದರೆ ಸೊನ್ನೆ. ಮೊದಲು ಗುಣಿಸಿ ಆಮೇಲೆ ಭಾಗಿಸಿದರೆ ಸರಿಯಾದ 30 ದೊರೆಯುತ್ತದೆ. ಪೈಥಾನ್ ಭಾಷೆಯಲ್ಲಿಯೂ ಮೊದಲು ಈ ತೊಡಕಿದ್ದು, 2008ರಲ್ಲಿ ಹೊರಬಂದ ಮೂರನೆಯ ಆವೃತ್ತಿಯಲ್ಲಿ ಭಾಗಾಕಾರದ ರೀತಿಯನ್ನೇ ಬದಲಿಸಿದರು.

ಇನ್ನು ಅಕ್ಷರದ ಲೋಪ. ಕನ್ನಡಕ್ಕೆ ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ 128 ಮನೆಗಳ ಒಂದು ಓಣಿಯನ್ನು ಬಿಟ್ಟಿದ್ದಾರೆ. ನಾವು ಒಂದೇ ಅಕ್ಷರವೆಂದು ತಿಳಿಯುವುದು ಅಲ್ಲಿ ಹಲವು ಸಂಕೇತಗಳ ಕೂಟ. "ಬಳ್ಳಾರಿ" ಎಂಬ ಮೂರಕ್ಷರದಲ್ಲಿ ಬ, ಳ, ವಿರಾಮ, ಳ, ಆಕಾರದ ಚಿಹ್ನೆ, ರ, ಇಕಾರದ ಚಿಹ್ನೆ ಎಂದು 7 ಸಂಕೇತಗಳಿವೆ. "ಸಿರುಗುಪ್ಪ"ದ ನಾಲ್ಕಕ್ಷರಕ್ಕೆ 9, "ಕುರುಗೋಡು"ವಿನ ನಾಲ್ಕಕ್ಷರಕ್ಕೆ 8. ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ರೀತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟು ಜಾಗ ಬೇಕು. ಹೀಗಾಗಿ ಬಳ್ಳಾರಿಗೆ 21, ಕುರುಗೋಡಿಗೆ 24, ಸಿರುಗುಪ್ಪಕ್ಕೆ 27 ಬೈಟುಗಳು.

ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟು ಸಾಕು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡವನು "ಊರಿನ ಹೆಸರಿಗೆ 20 ಬೈಟು ಧಾರಾಳ" ಎಂದು ಜಾಗ ಕಟ್ಟಿದರೆ ಬಳ್ಳಾರಿಯ ಕೊನೆಯ ಬೈಟು ಹೊರಗುಳಿಯುತ್ತದೆ. ಇಕಾರದ ಚಿಹ್ನೆಯ ಮೂರು ತುಂಡುಗಳಲ್ಲಿ ಎರಡು ಮಾತ್ರ ಒಳಗೆ ಬಂದವು. ಅದನ್ನು ಮತ್ತೆ ಓದಹೊರಟ ಪೈಥಾನ್ ಪ್ರೋಗ್ರಾಂ ಈ ಅರೆತುಂಡನ್ನು ಅಕ್ಷರವೆಂದು ಒಪ್ಪದೆ ದೋಷಸೂಚನೆ ಕೊಟ್ಟು ಬೀಳುತ್ತದೆ. ಇದೇ ಕ್ರ್ಯಾಶ್. ಅದು ಹೀಗೆ ಬಿದ್ದುದೇ ಒಳ್ಳೆಯದಾಯಿತು. ಬೀಳದಿದ್ದರೆ ಹೆಸರು ಮುರಿದಿದೆಯೆಂದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಆಗಮ

ಇಲ್ಲದ ಅಕ್ಷರವು ನಡುವೆ ಬಂದು ಸೇರುವುದು ಆಗಮ. ಮನೆ ಮತ್ತು ಅಲ್ಲಿ ಸೇರಿ "ಮನೆಯಲ್ಲಿ" ಆದಾಗ ಯಕಾರ ಬಂದಿತು. ವ್ಯಾಕರಣದಲ್ಲಿ ಬಂದ ಅಕ್ಷರ ಕಣ್ಣಿಗೆ ಕಾಣುತ್ತದೆ. ಗಣಕದಲ್ಲಿ ಕಾಣದ ಅಕ್ಷರವೂ ಬರಬಹುದು.

"ರಾಜ್‌ಕುಮಾರ್" ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯಲು ನಡುವೆ ಒಂದು ಅಗೋಚರ ಸಂಕೇತವನ್ನು ಇಡುತ್ತಾರೆ. ಅದಕ್ಕೆ ಅಗಲವಿಲ್ಲ, ಆಕಾರವಿಲ್ಲ, ಆದರೆ ಜಾಗವಿದೆ. ಇಂಥದೇ ಇನ್ನೊಂದು ಅಗೋಚರ ಸಂಕೇತವು "ರ‍್ಯಾಂಕ್" ಎಂಬಲ್ಲಿ ಅರ್ಕಾವತ್ತು ಆಗದಂತೆ ಕಾಯುತ್ತದೆ. ಒಬ್ಬನ ಹೆಸರು ಒಂದು ಪಟ್ಟಿಯಲ್ಲಿ ಈ ಸಂಕೇತದೊಡನೆ, ಇನ್ನೊಂದರಲ್ಲಿ ಅದಿಲ್ಲದೆ ಇದ್ದರೆ ಗಣಕವು ಇವರಿಬ್ಬರೂ ಬೇರೆ ಬೇರೆ ಎನ್ನುತ್ತದೆ. ಅಂಕಿಯ ಬೆನ್ನಿಗೆ ಇಂಥ ಸಂಕೇತ ಅಂಟಿಕೊಂಡು ಬಂದರೆ, ಕಣ್ಣಿಗೆ 125 ಎಂದೇ ಕಂಡರೂ ಪೈಥಾನ್ ಅದನ್ನು ಸಂಖ್ಯೆಯಾಗಿ ತಿರುಗಿಸಲಾರದೆ ನಿಲ್ಲುತ್ತದೆ.

ಈ ಅಗೋಚರ ಸಂಕೇತವು ಲೋಕಪ್ರಸಿದ್ಧವಾದ ಕ್ರ್ಯಾಶ್ ಒಂದಕ್ಕೂ ಕಾರಣವಾಯಿತು. ನಮ್ಮ ಜಿಲ್ಲೆಯಲ್ಲಿ ತೆಲುಗು ಬಲ್ಲವರು ಬಹಳ. ಸಿರುಗುಪ್ಪದಿಂದ ಆಂಧ್ರದ ಗಡಿ ದೂರವಲ್ಲ. ಆದುದರಿಂದ ಈ ಸಂಗತಿ ನಮಗೆ ನೆರೆಮನೆಯ ಸುದ್ದಿಯಿದ್ದಂತೆ. 2018ರ ಫೆಬ್ರವರಿಯಲ್ಲಿ ಆ್ಯಪಲ್ ಕಂಪೆನಿಯ ಐಫೋನುಗಳಲ್ಲಿ ತೆಲುಗಿನ "ಜ್ಞಾ" ಎಂಬ ಒಂದು ಅಕ್ಷರ ಬಂದೊಡನೆ ಅದನ್ನು ತೋರಿಸಹೊರಟ ಪ್ರೋಗ್ರಾಂ ಬಿದ್ದುಹೋಗುತ್ತಿತ್ತು. ಸಂದೇಶದ ಸೂಚನೆಯಲ್ಲಿ ಬಂದರಂತೂ ಫೋನಿನ ಮುಖಪುಟವೇ ಬೀಳುತ್ತಿತ್ತು. ಜ, ವಿರಾಮ, ಞ ಇವುಗಳ ಬಳಿಕ ಆ ಅಗೋಚರ ಸಂಕೇತ, ಅನಂತರ ಆಕಾರದ ಚಿಹ್ನೆ, ಇದು ಅದರ ಜೋಡಣೆ. ದೋಷವಿದ್ದುದು ಸಂದೇಶದ ಪ್ರೋಗ್ರಾಮಿನಲ್ಲಲ್ಲ, ಅಕ್ಷರಗಳನ್ನು ಜೋಡಿಸಿ ಬಿಡಿಸುವ ಕೋರ್ ಟೆಕ್ಸ್ಟ್ ಎಂಬ ಲೈಬ್ರರಿಯಲ್ಲಿ. ಅದನ್ನು ನಂಬಿದ ಎಲ್ಲ ಪ್ರೋಗ್ರಾಂಗಳೂ ಹೀಗಾಗಿಯೇ ಬಿದ್ದವು. ಬಂಗಾಳಿ, ದೇವನಾಗರಿಗಳ ಕೆಲವು ಜೋಡಣೆಗಳಲ್ಲಿಯೂ ಇದೇ ದೋಷ ಕಂಡುಬಂದಿತು. ಫೆಬ್ರವರಿ 19ರಂದು ಕಂಪೆನಿಯು ತಿದ್ದಿದ ಆವೃತ್ತಿಯನ್ನು ಹೊರಡಿಸಿತು. ಜ್ಞಾನವೆಂಬ ಮಾತಿನ ಮೊದಲ ಅಕ್ಷರವೇ ಯಂತ್ರವನ್ನು ಕೆಡವಿತೆಂದರೆ ನಗು ಬರುತ್ತದೆ. ಆದರೆ ಲೈಬ್ರರಿ ಬರೆಯುವವರು ನಮ್ಮ ಲಿಪಿಗಳ ಸ್ವಭಾವವನ್ನು ಚೆನ್ನಾಗಿ ಪರೀಕ್ಷಿಸದಿದ್ದರೆ ಹೀಗಾಗುವುದು ಸಹಜ. ಒತ್ತು, ಅರ್ಕಾವತ್ತುಗಳನ್ನು ಬಲ್ಲ ನಮ್ಮಂಥವರಿಗೆ ಅಲ್ಲಿ ಕೆಲಸವಿದೆ.

ಆದೇಶ

ಒಂದು ಅಕ್ಷರದ ಸ್ಥಾನದಲ್ಲಿ ಇನ್ನೊಂದು ಬಂದು ಕೂರುವುದು ಆದೇಶ. ಮಳೆ ಮತ್ತು ಕಾಲ ಸೇರಿ "ಮಳೆಗಾಲ" ಆದಾಗ ಕಕಾರದ ಸ್ಥಾನದಲ್ಲಿ ಗಕಾರ ಬಂದಿತು.

ಕಳೆದ ವರ್ಷ ಕುರುಗೋಡಿನ ನಮ್ಮ ಬಂಧುಗಳ ಮನೆಗೆ ಹೋಗಿದ್ದಾಗ ಪಕ್ಕದ ಮನೆಯ ಹಿರಿಯರೊಬ್ಬರು ಒಂದು ಪಟ್ಟಿಯನ್ನು ತಂದು ತೋರಿಸಿದರು. ಅವರ ಹೊಲದ ಸರ್ವೆ ನಂಬರು 5/10. ಪಟ್ಟಿಯಲ್ಲಿ ಆ ಜಾಗದಲ್ಲಿ "5 ಅಕ್ಟೋಬರ್" ಎಂದು ಅಚ್ಚಾಗಿತ್ತು.

"ಇದೇನಪ್ಪಾ, ನಮ್ಮ ಹೊಲಕ್ಕೆ ಹುಟ್ಟಿದ ದಿನ ಬರೆದುಬಿಟ್ಟಾರಲ್ಲ?" ಎಂದರು.

"ಇಲ್ಲ ತಾತಾ, ಓರೆಗೆರೆ ನೋಡಿ ಕಂಪ್ಯೂಟರು ಅದನ್ನು ತಾರೀಖು ಅಂದುಕೊಂಡೈತಿ" ಎಂದೆ.

"ಅದು ಅಂದುಕೊಂಡರೆ ಆಯ್ತೇನು? ಹೊಲ ನಮ್ಮದು!" ಎಂದರು. ಇದಕ್ಕಿಂತ ಚೆನ್ನಾಗಿ ಈ ವಿಷಯವನ್ನು ಯಾರೂ ಹೇಳಲಾರರು.

ಎಕ್ಸೆಲ್ ಮುಂತಾದ ಕೋಷ್ಟಕ ಪ್ರೋಗ್ರಾಂಗಳು 5/10 ಎಂದು ಬರೆದರೆ ಅದನ್ನು ದಿನಾಂಕವೆಂದು ಬಗೆಯುತ್ತವೆ. ದಿನಾಂಕವನ್ನು ಒಳಗೆ ಒಂದು ಕ್ರಮಸಂಖ್ಯೆಯಾಗಿ ಇಡುವುದು ಅವುಗಳ ಪದ್ಧತಿ. 1900ರ ಜನವರಿ 1 ಎಂದರೆ 1. ಆದುದರಿಂದ 2024ರಲ್ಲಿ ಹೀಗೆ ಬರೆದು, ಬಳಿಕ ಆ ಕಾಲಮನ್ನು ಅಕ್ಷರದ ಬಗೆಗೆ ತಿರುಗಿಸಿದರೆ 5/10 ಹಿಂದಿರುಗಿ ಬರುವುದಿಲ್ಲ, 45570 ಬರುತ್ತದೆ! 145/2 ಎಂಬ ನಂಬರು ಯಾವ ದಿನಾಂಕಕ್ಕೂ ಹೊಂದದ್ದರಿಂದ ಹಾಗೆಯೇ ಉಳಿಯುತ್ತದೆ. ಹೀಗೆ ಒಂದೇ ಪಟ್ಟಿಯಲ್ಲಿ ಕೆಲವು ಸರಿ, ಕೆಲವು ತಪ್ಪು ಆಗುವುದರಿಂದ ದೋಷ ಬೇಗನೆ ಕಣ್ಣಿಗೆ ಬೀಳುವುದಿಲ್ಲ. ಹಿರಿಯರ ಪಟ್ಟಿಯನ್ನು ಅಚ್ಚುಹಾಕಿದವರಿಗೆ ಪಹಣಿಯನ್ನು ತೋರಿಸಿದಾಗ ಅವರು ಕಾಲಮನ್ನು ಮೊದಲೇ ಅಕ್ಷರದ ಬಗೆಯೆಂದು ಗೊತ್ತುಮಾಡಿ, ಸರ್ವೆ ನಂಬರುಗಳನ್ನು ಮತ್ತೆ ಬರೆದು ಸರಿಪಡಿಸಿಕೊಟ್ಟರು. ಪಹಣಿ ಕೈಯಲ್ಲಿಲ್ಲದಿದ್ದರೆ ಅದು ಸುಲಭವಾಗುತ್ತಿರಲಿಲ್ಲ.

ಇದು ಹಳ್ಳಿಯ ತೊಂದರೆ ಮಾತ್ರವಲ್ಲ. ಜೀವಶಾಸ್ತ್ರಜ್ಞರು "ಮಾರ್ಚ್ 1", "ಸೆಪ್ಟ್ 1" ಎಂಬ ಸಂಕ್ಷಿಪ್ತ ಹೆಸರಿನ ವಂಶವಾಹಿಗಳನ್ನು ಬರೆದರೆ ಅವೂ ದಿನಾಂಕಗಳಾಗುತ್ತಿದ್ದವು. ಕೊನೆಗೆ 2020ರಲ್ಲಿ ಹೆಸರುಗಳನ್ನೇ "ಸೆಪ್ಟಿನ್ 1" ಎಂಬಂತೆ ಬದಲಿಸಲಾಯಿತು. ಎಕ್ಸೆಲ್‌ನಲ್ಲಿ ಈ ತಾನಾಗಿ ತಿರುಗಿಸುವ ಚಾಳಿಯನ್ನು ನಿಲ್ಲಿಸುವ ಅನುಕೂಲ ಬಂದದ್ದು 2023ರಲ್ಲಿ. ವಿಜ್ಞಾನಿಗಳು ತಮ್ಮ ವಂಶವಾಹಿಯ ಹೆಸರನ್ನು ಬದಲಿಸಿಕೊಂಡರು. ರೈತನು ತನ್ನ ಸರ್ವೆ ನಂಬರನ್ನು ಬದಲಿಸಿಕೊಳ್ಳುವಂತಿಲ್ಲ.

ಅಕ್ಷರದಲ್ಲಿಯೂ ಆದೇಶವಿದೆ. "ಕುರುಗೋಡು" ಎಂಬಲ್ಲಿನ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಅದರ ಸ್ಥಾನದಲ್ಲಿ ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂಬ ಮೂರು ಸಂಕೇತಗಳನ್ನೂ ಇಡಬಹುದು. ಎರಡನ್ನೂ ಸಮಾನವೆಂದು ಯೂನಿಕೋಡ್ ನಿಯಮ ಹೇಳುತ್ತದೆ. ಆದರೆ ಒಂದರಲ್ಲಿ 8 ಸಂಕೇತ, ಇನ್ನೊಂದರಲ್ಲಿ 10. ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದು ಅನಂತರ ಹೋಲಿಸದಿದ್ದರೆ, ಕುರುಗೋಡನ್ನು ಹುಡುಕಿದವನಿಗೆ ಕುರುಗೋಡೇ ಸಿಗುವುದಿಲ್ಲ.

ದೋಷವನ್ನು ಹುಡುಕುವ ಕ್ರಮ

ಗಣಕದ ದೋಷಕ್ಕೆ ಬಗ್, ಎಂದರೆ ಹುಳು ಎಂಬ ಹೆಸರಿದೆ. ಯಂತ್ರದ ದೋಷಕ್ಕೆ ಈ ಮಾತು ಮೊದಲೇ ಇದ್ದರೂ, 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್-2 ಯಂತ್ರದೊಳಗೆ ಸಿಕ್ಕ ನಿಜವಾದ ಒಂದು ಪತಂಗವನ್ನು ಅಲ್ಲಿಯವರು ದಿನಚರಿ ಪುಸ್ತಕದಲ್ಲಿ ಅಂಟಿಸಿಟ್ಟದ್ದು ಪ್ರಸಿದ್ಧವಾಗಿದೆ. ಹುಳುವನ್ನು ಹುಡುಕಲು ಈ ಕೆಳಗಿನ ಕ್ರಮ ಉಪಯುಕ್ತ.

ಮೊದಲನೆಯದಾಗಿ, ದೋಷವು ಮತ್ತೆ ಕಾಣಿಸಿಕೊಳ್ಳುವಂತೆ ಮಾಡಬೇಕು. ಕಾಣದ ರೋಗಕ್ಕೆ ಮದ್ದಿಲ್ಲ. ಎರಡನೆಯದಾಗಿ, ಪ್ರೋಗ್ರಾಂ ಬೀಳುವಾಗ ಬರೆಯುವ ಸೂಚನೆಯನ್ನು ತಾಳ್ಮೆಯಿಂದ ಓದಬೇಕು. ಯಾವ ಸಾಲಿನಲ್ಲಿ ಬಿದ್ದಿತು, ಅದನ್ನು ಯಾರು ಕರೆದಿದ್ದರು ಎಂಬುದು ಅಲ್ಲಿರುತ್ತದೆ. ಮೂರನೆಯದಾಗಿ, ಪಟ್ಟಿಯನ್ನು ಅರ್ಧಕ್ಕೆ ಒಡೆಯಬೇಕು. ಸಾವಿರ ಊರುಗಳ ಪಟ್ಟಿಯಲ್ಲಿ ಒಂದು ಹೆಸರು ಕೆಟ್ಟಿದ್ದರೆ ಐನೂರನ್ನು ಮಾತ್ರ ಕೊಟ್ಟು ನೋಡಿ. ಬಿದ್ದರೆ ದೋಷ ಅದರಲ್ಲಿದೆ, ಬೀಳದಿದ್ದರೆ ಉಳಿದರ್ಧದಲ್ಲಿ. ಹೀಗೆ ಹತ್ತು ಸಲ ಒಡೆಯುವುದರೊಳಗೆ ಕೆಟ್ಟ ಹೆಸರು ಕೈಗೆ ಸಿಗುತ್ತದೆ. ನಾಲ್ಕನೆಯದಾಗಿ, ವಸ್ತು ಹೇಗೆ ಕಾಣುತ್ತದೆಂಬುದನ್ನು ಬಿಟ್ಟು ಅದರ ಬಗೆ ಯಾವುದು, ಉದ್ದವೆಷ್ಟು ಎಂದು ಕೇಳಬೇಕು. ಕುರುಗೋಡಿಗೆ 8ರ ಬದಲು 10 ಬಂದರೆ ಅಲ್ಲಿಯೇ ಸುಳಿವು ಸಿಕ್ಕಿತು. ಐದನೆಯದಾಗಿ, ಒಂದು ಸಲಕ್ಕೆ ಒಂದನ್ನು ಮಾತ್ರ ತಿದ್ದಬೇಕು. ತಿದ್ದಿದ ಬಳಿಕ ಆ ಕೆಟ್ಟ ಉದಾಹರಣೆಯನ್ನು ಪರೀಕ್ಷೆಯಾಗಿ ಕಾದಿಟ್ಟು, ಮುಂದೆ ಪ್ರೋಗ್ರಾಂ ಬದಲಾದಾಗಲೆಲ್ಲ ಅದನ್ನು ಮತ್ತೆ ನಡೆಸಬೇಕು.

ಹಳೆಯ ಲೈಬ್ರರಿಯನ್ನು ಹೊಸ ಕೆಲಸಕ್ಕೆ ತರುವಾಗ ಈ ಪರೀಕ್ಷೆ ಇನ್ನೂ ಅಗತ್ಯ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ಟು ಹಾರಿದ ಸುಮಾರು ನಲವತ್ತು ಸೆಕೆಂಡುಗಳಲ್ಲಿ ಒಡೆದು ಚೂರಾಯಿತು. ಏರಿಯಾನ್-4ಕ್ಕಾಗಿ ಬರೆದಿದ್ದ ಪ್ರೋಗ್ರಾಂ ಭಾಗವನ್ನು ಅದರಲ್ಲಿ ಹಾಗೆಯೇ ಬಳಸಿದ್ದರು. ಅದು 64 ಬಿಟ್ಟಿನ ದಶಮಾಂಶವೊಂದನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ತಿರುಗಿಸುತ್ತಿತ್ತು. ಅಂಥ ಪೂರ್ಣಾಂಕದಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯದು. ಹೊಸ ರಾಕೆಟ್ಟಿನ ವೇಗ ಹೆಚ್ಚಾಗಿ ಸಂಖ್ಯೆ ಅದನ್ನು ಮೀರಿತು. ಸೇರಿನಲ್ಲಿ ಕೊಳಗದ ಭತ್ತವನ್ನು ಸುರಿದಂತಾಯಿತು.

ಉಪಸಂಹಾರ

ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಅಕ್ಷರಗಳ ವಿಚಾರದಿಂದಲೇ ಆರಂಭಿಸಿದನು. ಅಕ್ಷರವನ್ನು ಅರಿಯದೆ ಶಬ್ದವಿಲ್ಲ, ಶಬ್ದವನ್ನರಿಯದೆ ಅರ್ಥವಿಲ್ಲ. ಆದರೆ ವ್ಯಾಕರಣದ ಸಂಧಿಗೂ ಗಣಕದ ಈ ಮೂರು ದೋಷಗಳಿಗೂ ಒಂದು ದೊಡ್ಡ ಭೇದವಿದೆ. ಸಂಧಿಯಾದ ಪದವನ್ನು ಬಿಡಿಸಿ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ, ನಾವು ಬಿಡಿಸುತ್ತೇವೆ. "ಮಳೆಗಾಲ"ದಿಂದ ಮಳೆ ಮತ್ತು ಕಾಲ ಹಿಂದಿರುಗಿ ಬರುತ್ತವೆ, ಏಕೆಂದರೆ ಅದಕ್ಕೆ ನಿಯಮವಿದೆ. 45570 ಎಂಬುದನ್ನು ಮಾತ್ರ ನೋಡಿದವನಿಗೆ ಅದು ಹಿರಿಯರೊಬ್ಬರ ಹೊಲದ ನಂಬರಾಗಿತ್ತೆಂದು ತಿಳಿಯುವ ದಾರಿಯಿಲ್ಲ. ಆದುದರಿಂದ ಬಗೆಪರಿವರ್ತನೆಗೆ ನಾನು ಒಂದೇ ಒರೆಗಲ್ಲನ್ನು ಸೂಚಿಸುತ್ತೇನೆ: ತಿರುಗಿಸಿದ್ದನ್ನು ಮತ್ತೆ ಹಿಂದಕ್ಕೆ ತಿರುಗಿಸಿದರೆ ಮೊದಲಿನದೇ ಬರಬೇಕು. ಬಾರದಿದ್ದರೆ ಆ ಪರಿವರ್ತನೆ ಒಪ್ಪತಕ್ಕದ್ದಲ್ಲ. ಪ್ರೋಗ್ರಾಂ ಅಲ್ಲಿಯೇ ನಿಂತು ಮನುಷ್ಯನನ್ನು ಕೇಳಬೇಕು.

ನಮ್ಮಲ್ಲಿ ಅನೇಕರು ಮುಂದೆ ಶಿಕ್ಷಕರಾಗುವರು, ಗುಮಾಸ್ತರಾಗುವರು, ಗ್ರಾಮ ಆಡಳಿತಾಧಿಕಾರಿಗಳಾಗುವರು. ಎಲ್ಲರ ಮುಂದೆಯೂ ಒಂದು ಗಣಕವಿರುತ್ತದೆ, ಅದರಾಚೆ ಕಾಗದ ಹಿಡಿದ ಒಬ್ಬ ಮನುಷ್ಯನಿರುತ್ತಾನೆ. ಪರದೆಯಲ್ಲಿ ಬಂದದ್ದಕ್ಕೂ ಅವನ ಕೈಯ ಕಾಗದಕ್ಕೂ ಹೊಂದದಿದ್ದಾಗ "ಕಂಪ್ಯೂಟರಿನಲ್ಲೇ ಹಾಗೆ ಬಂದಿದೆ" ಎಂದು ಹೇಳಿ ಕಳುಹಿಸದೆ, ಇಲ್ಲಿ ಯಾವುದು ಲೋಪವಾಯಿತು, ಯಾವುದು ಆಗಮವಾಯಿತು, ಯಾವುದು ಆದೇಶವಾಯಿತು ಎಂದು ಒಂದು ಗಳಿಗೆ ವಿಚಾರಿಸಿದರೆ, ನಾವು ಓದಿದ ವ್ಯಾಕರಣವೂ ಸಾರ್ಥಕ, ಪಡೆದ ಪದವಿಯೂ ಸಾರ್ಥಕ.